ಕುಣಿಗಲ್ ಲಾಯದಿಂದ ಹೈಫಾ ಗುಡ್ಡದವರೆಗೆ

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯ ಗೋಡೆ ಬಿರುಕುಬಿಟ್ಟ ಜಾಗದಲ್ಲಿ ಇಂಗ್ಲಿಷರ ಪಡೆ ಒಳನುಗ್ಗಿತು. ಸಂಜೆಯ ಹೊತ್ತಿಗೆ ಟಿಪ್ಪು ಸುಲ್ತಾನ ಹೆಣವಾಗಿ ಬಿದ್ದಿದ್ದ. ಅವನು ಯಾರ ಸಹಾಯ ಬಂದೀತೆಂದು ಕೊನೆಯವರೆಗೂ ಕಾದಿದ್ದನೋ ಆ ನೆಪೋಲಿಯನ್ ಅದೇ ದಿನ ಪ್ಯಾಲೆಸ್ಟೈನಿನ ಕರಾವಳಿಯಲ್ಲಿ, ಆಕ್ರೆ ಕೋಟೆಯ ಕೆಳಗೆ, ಮುಂದೆ ಹೋಗಲಾರದೆ ಹಿಂದೆ ಸರಿಯಲಾರದೆ ಸಿಕ್ಕಿಕೊಂಡಿದ್ದ. ಆಕ್ರೆಗೆ ಎದುರಾಗಿ, ಕೊಲ್ಲಿಯ ಇನ್ನೊಂದು ತುದಿಯಲ್ಲಿರುವ ಹೈಫಾ ಊರು ಆಗ ಅವನ ವಶದಲ್ಲಿತ್ತು. ಇದಾಗಿ ನೂರಹತ್ತೊಂಬತ್ತು ವರ್ಷಗಳ ಮೇಲೆ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಸವಾರರು ಅದೇ ಹೈಫಾ ಊರಿಗೆ ಈಟಿ ಹಿಡಿದು ನುಗ್ಗಿದರು. ಅವರು ಕಾದಿದ್ದು ಇಂಗ್ಲಿಷರ ಪರವಾಗಿ. ಎದುರಿಗಿದ್ದದ್ದು ಒಂದು ಕಾಲಕ್ಕೆ ಟಿಪ್ಪು ಸ್ನೇಹ ಬೇಡಿ ರಾಯಭಾರ ಕಳಿಸಿದ್ದ ತುರ್ಕಿಯ ಸುಲ್ತಾನನ ಸೈನ್ಯ.

ಈ ಎರಡು ದಿನಗಳ ನಡುವೆ ಒಂದು ಕೊಂಡಿಯಿದೆ. ಅದು ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ, ಕುಣಿಗಲ್ ಪೇಟೆಗೆ ಅಂಟಿಕೊಂಡಂತೆ ಇರುವ ಕುದುರೆ ಫಾರಂ. ನಾನೂರು ಎಕರೆಗೂ ಮಿಕ್ಕಿದ ಹುಲ್ಲುಗಾವಲು, ಸಾಲು ಮರ, ಕಲ್ಲಿನ ಲಾಯ. ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆ ಸಾಕಲೆಂದು ಇದು ಹುಟ್ಟಿತೆಂಬುದು ಊರವರೆಲ್ಲ ಹೇಳುವ ಮಾತು. ಅರಸರು ಬದಲಾದರು, ಕಮಿಷನರುಗಳು ಬಂದುಹೋದರು, ದಿವಾನರ ಆಳ್ವಿಕೆ ಬಂತು. ಕುದುರೆಮರಿ ಹುಟ್ಟುವುದು ಮಾತ್ರ ಅಲ್ಲಿ ನಿಲ್ಲಲಿಲ್ಲ. ಮೈಸೂರು ಲ್ಯಾನ್ಸರ್ಸ್ ಎಂಬ ಸವಾರರ ಪಡೆಗೆ ಕುದುರೆ ಒದಗಿಸಿದ ಲಾಯ ಇದು.

ಮಹಾಯುದ್ಧವೆಂದರೆ ನಮಗೆ ನೆನಪಾಗುವುದು 1914 ಮತ್ತು 1939. ನಾನಾದರೆ ಕುಣಿಗಲ್ ಇರುವ ತುಮಕೂರು ಸೀಮೆಯ ಮಟ್ಟಿಗೆ ಲೆಕ್ಕವನ್ನು 1780ರಿಂದ ಹಿಡಿಯುತ್ತೇನೆ. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದಿದ್ದ ಕಾಲ ಅದು. ಫ್ರಾನ್ಸ್ ಅಮೆರಿಕದ ಬೆನ್ನಿಗೆ ನಿಂತಿತು. ಆದ್ದರಿಂದ ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚರ ಠಾಣ್ಯಗಳ ಮೇಲೆ ಬಿದ್ದರು. 1779ರಲ್ಲಿ ಮಲಬಾರಿನ ಮಾಹೆ ಹೋಯಿತು. ಹೈದರಾಲಿಗೆ ಮದ್ದುಗುಂಡು ಇಳಿಯುತ್ತಿದ್ದುದು ಆ ಬಂದರಿನಲ್ಲಿ. ಮರುವರ್ಷವೇ ಅವನು ಘಟ್ಟ ಇಳಿದು ಕರ್ನಾಟಿಕ್ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದ. ಅಟ್ಲಾಂಟಿಕ್ ಸಾಗರದ ಆಚೆ ಇದೆಲ್ಲ ಗೊತ್ತಿತ್ತು: 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರಿಟ್ಟಿದ್ದರು, ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಇಂಗ್ಲಿಷ್ ಹಡಗೊಂದನ್ನು ಹಿಡಿದು ತಂದಿತು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದವನ ಹೆಸರು ಫಿಲಡೆಲ್ಫಿಯಾದ ಹಡಗಿನ ಮೇಲೆ! ಆದರೆ ಸ್ನೇಹದ ಅಳತೆ ಅಷ್ಟೇ. 1783ರಲ್ಲಿ ಇಂಗ್ಲೆಂಡು, ಫ್ರಾನ್ಸುಗಳ ನಡುವೆ ಸಂಧಿ ಆಯಿತೆಂಬ ಸುದ್ದಿ ಬಂದ ಕೂಡಲೇ ಕಡಲೂರಿನಲ್ಲಿದ್ದ ಫ್ರೆಂಚರು ಕತ್ತಿ ಒರೆಗೆ ಹಾಕಿದರು. ಅಪ್ಪ ಸತ್ತ ಮೇಲೆ ಯುದ್ಧವನ್ನು ಹೆಗಲಿಗೆ ಹೊತ್ತಿದ್ದ ಟಿಪ್ಪು ಒಂಟಿಯಾಗಿ ಹೋರಾಡಿ, 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದಕ್ಕೆ ಬಂದ.

ಆಮೇಲಿನ ಹದಿನೈದು ವರ್ಷ ಟಿಪ್ಪುವಿನ ರಾಜಕಾರಣವೆಲ್ಲ ಮಿತ್ರರ ಹುಡುಕಾಟವೇ. 1786ರಲ್ಲಿ ನಾಲ್ಕು ಹಡಗುಗಳಲ್ಲಿ ಒಂಬೈನೂರರಷ್ಟು ಜನರ ರಾಯಭಾರ ಮಸ್ಕತ್, ಬಸ್ರಾಗಳ ದಾರಿ ಹಿಡಿದು ಇಸ್ತಾಂಬುಲ್‌ಗೆ ಹೊರಟಿತು. ದಾರಿಯಲ್ಲಿ ಹಡಗು ಮುಳುಗಿ, ಪ್ಲೇಗು ಬಡಿದು ಬಹುಪಾಲು ಮಂದಿ ಸತ್ತರು; ತಿರುಗಿ ಬಂದವರು ಬೆರಳೆಣಿಕೆಯವರು. ಅಷ್ಟು ಜೀವ ತೆತ್ತು ತಂದದ್ದು ಬಿರುದು, ನಿಲುವಂಗಿ, ಒಳ್ಳೆಯ ಮಾತು. ರಷ್ಯಾದ ಭಯದಲ್ಲಿದ್ದ ತುರ್ಕಿಗೆ ಇಂಗ್ಲಿಷರ ಮುಲಾಜು ಬೇಕಾಗಿತ್ತು. ಇನ್ನೊಂದು ರಾಯಭಾರ ಪ್ಯಾರಿಸ್‌ಗೆ ಹೋಗಿ 1788ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿತು. ಮರುವರ್ಷ ಆ ದೊರೆಯ ಕಾಲಕೆಳಗಿನ ನೆಲವೇ ಕುಸಿಯಿತು.

ಆ ವೇಳೆಗೆ ಇಂಗ್ಲಿಷರೂ ಕೂಟ ಕಟ್ಟಿದ್ದರು. 1790ರಲ್ಲಿ ಪೂನಾದ ಪೇಶ್ವೆ, ಹೈದರಾಬಾದಿನ ನಿಜಾಮ, ಕಂಪನಿ ಸರ್ಕಾರ ಮೂವರೂ ಒಂದಾದರು. ಪೇಶ್ವೆಗೂ ನಿಜಾಮನಿಗೂ ಹಗೆ ಇತ್ತು. ಇಬ್ಬರಿಗೂ ಕಂಪನಿಯ ಮೇಲೆ ಗುಮಾನಿ ಇತ್ತು. ಆದರೂ ಮೈಸೂರನ್ನು ಹಂಚಿಕೊಳ್ಳುವ ಮಾತಿಗೆ ಬಂದಾಗ ಮೂವರ ನಾಲಗೆಯೂ ಒಂದೇ. ಈ ಕೂಟದ ದಂಡು ಕುಣಿಗಲ್ ಸೀಮೆಯನ್ನು ತುಳಿದದ್ದು 1791ರಲ್ಲಿ.

ಆ ವರ್ಷದ ಮೇ ತಿಂಗಳು ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದವನು ಮುತ್ತಿಗೆ ಹಾಕಲಾಗದೆ ಹಿಂದಿರುಗಬೇಕಾಯಿತು. ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿದ್ದ ಅದೇ ಕಾರ್ನ್‌ವಾಲಿಸ್. ಮಳೆ ಹಿಡಿದಿತ್ತು, ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು, ಸೈನಿಕರ ಹೊಟ್ಟೆಗೆ ಇರಲಿಲ್ಲ. ಎಳೆಯಲು ಎತ್ತಿಲ್ಲದೆ ದೊಡ್ಡ ಫಿರಂಗಿಗಳನ್ನು ಅವನೇ ಕೆಡಿಸಿಹಾಕಿಸಿದ. ಹೊರಟ ಮೇಲೆ ಮೇಲುಕೋಟೆಯ ಆಸುಪಾಸಿನಲ್ಲಿ ಎದುರಿಗೆ ದೊಡ್ಡದೊಂದು ಸವಾರರ ದಂಡು ಕಾಣಿಸಿತು. ಟಿಪ್ಪುವಿನದೆಂದು ಇಂಗ್ಲಿಷರು ಬಂದೂಕು ಏರಿಸಿದ್ದೂ ಆಯಿತು. ನೋಡಿದರೆ ಹರಿಪಂತನ, ಪರಶುರಾಮಭಾವುವಿನ ಮರಾಠಾ ದಂಡು. ಆ ದಂಡಿನ ಜೊತೆಗೇ ಒಂದು ಬಜಾರು ನಡೆದು ಬರುತ್ತಿತ್ತು. ಹಸಿದ ಇಂಗ್ಲಿಷ್ ಸೈನ್ಯಕ್ಕೆ ಮರಾಠಾ ವರ್ತಕರು ಧಾನ್ಯ ಮಾರಿದರು. ಬಾಯಿಗೆ ಬಂದ ಬೆಲೆ. ಮೈಸೂರಿನ ಹಳ್ಳಿಗಳಲ್ಲೇ ಕೊಳ್ಳೆ ಹೊಡೆದ ರಾಗಿ, ಜೋಳ, ಹುರುಳಿಯೂ ಅದರಲ್ಲಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಅಲ್ಲಿಂದ ಬೆಂಗಳೂರಿಗೆ ಹಿಂದಿರುಗುವ ದಾರಿಯಲ್ಲಿ ಹುಲಿಯೂರುದುರ್ಗ ಸಿಕ್ಕಿತು. ಇಂದಿನ ಕುಣಿಗಲ್ ತಾಲ್ಲೂಕಿನ ದಕ್ಷಿಣದ ಹೋಬಳಿ. ಜೂನಿನಲ್ಲಿ ಕೋಟೆ ಶರಣಾಯಿತು. ಅದು ಮತ್ತೆ ಬಳಕೆಗೆ ಬಾರದಂತೆ ಇಂಗ್ಲಿಷರು ಅದನ್ನು ಕೆಡವಿದರು. ಕಿಲ್ಲೇದಾರ ಹೋರಾಡದೆ ಬಿಟ್ಟುಕೊಟ್ಟದ್ದರಿಂದ ಜನರ ಪ್ರಾಣ ಉಳಿಯಿತು. ಹುತ್ರಿದುರ್ಗದ ಕಥೆ ಬೇರೆ.

ಹುತ್ರಿದುರ್ಗವನ್ನು ನೋಡದವರಿಗೆ ಅದರ ಕಷ್ಟ ತಿಳಿಯುವುದಿಲ್ಲ. ಬುಡದಲ್ಲಿ ಸಂತೇಪೇಟೆ, ಅದರ ಬೆನ್ನಿಗೆ ಒಂದರ ಮೇಲೊಂದು ಏರಿ ಹೋಗುವ ಕಲ್ಲುಗೋಡೆ, ಗೋಡೆಗೊಂದು ಬಾಗಿಲು. ಕೆಂಪೇಗೌಡರ ವಂಶದವರು ಕಟ್ಟಿಸಿದ ದುರ್ಗ. ಬಾಗಿಲಿನಿಂದ ಬಾಗಿಲಿಗೆ ಹೋಗುವ ದಾರಿ ಬಂಡೆಯಲ್ಲಿ ಕಡಿದ ಮೆಟ್ಟಿಲು. ಎರಡಾಳು ಅಕ್ಕಪಕ್ಕ ನಡೆಯಲು ಇಕ್ಕಟ್ಟು. ತುದಿಯಲ್ಲಿ ಶಂಕರೇಶ್ವರನ ಗುಡಿ. ಅಲ್ಲಿ ನಿಂತರೆ ಒಂದು ಕಡೆ ಸಾವನದುರ್ಗ, ಇನ್ನೊಂದು ಕಡೆ ಶಿವಗಂಗೆ. 1791ರ ಡಿಸೆಂಬರ್ 21ರಂದು ಸಾವನದುರ್ಗವೇ ಇಂಗ್ಲಿಷರ ಕೈಸೇರಿತು. ಅದರ ಹೊಗೆ ಹುತ್ರಿದುರ್ಗದ ಮೇಲಿದ್ದವರಿಗೆ ಕಂಡಿರಲೇಬೇಕು. ಮೂರೇ ದಿನಕ್ಕೆ, 24ರಂದು, ಕರ್ನಲ್ ಸ್ಟುವರ್ಟನ ಪಡೆ ಸಂತೇಪೇಟೆಗೆ ಬಂದು ನಿಂತಿತು. ಪೇಟೆಯನ್ನೂ ಕೆಳಕೋಟೆಯನ್ನೂ ಏಣಿ ಹಾಕಿ ಹಿಡಿದರು. ಕಿಲ್ಲೇದಾರ ಮಾತುಕತೆಗೆ ಹೇಳಿಕಳಿಸಿದ. ಮಾತು ನಡೆದಿರುವಾಗ ಮೇಲಿನ ಗೋಡೆಗಳಲ್ಲಿ ಫಿರಂಗಿ ತಿರುಗಿಸುತ್ತಿರುವ ಹಾಗೆ ಕೆಳಗಿನವರಿಗೆ ಕಂಡಿತಂತೆ. ಇದು ಗೆದ್ದವರು ಬರೆದಿಟ್ಟ ಸಮಜಾಯಿಷಿ. ಸೋತವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಮತ್ತೆ ದಾಳಿ ಶುರುವಾಯಿತು. ಕೆಲವು ಬಾಗಿಲು ಒಡೆದರು, ಕೆಲವು ಗೋಡೆ ಹತ್ತಿದರು, ಐದಾರು ಬಾಗಿಲು ದಾಟಿ ತುದಿ ಮುಟ್ಟಿದರು. ಒಳಗಿದ್ದ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಓಡಲು ದಾರಿಯಿಲ್ಲದೆ ಬಂಡೆಯಿಂದ ಕೆಳಗೆ ಬಿದ್ದು ಸತ್ತರು. ಕಿಲ್ಲೇದಾರ ಸೆರೆಯಾದ.

ಮರಾಠರ ದಂಡು ಸಿರಾ ಕಡೆಯಿಂದ ಹೋದದ್ದೂ ಬಂದದ್ದೂ ಇದೇ ಸುಮಾರಿಗೆ. 1800ರಲ್ಲಿ ಕಂಪನಿಯ ಪರವಾಗಿ ಮೈಸೂರನ್ನೆಲ್ಲ ಸುತ್ತಿ ನೋಡಲು ಹೊರಟ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದ. ಗುಬ್ಬಿ ಆಗಲೇ ಅಡಿಕೆ, ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಊರು. ಅವನು ಸುತ್ತಿದ ಸೀಮೆಯಲ್ಲಿ ಮರಾಠರ ಹಾವಳಿಯಿಂದ ಪಾಳುಬಿದ್ದ ಹಳ್ಳಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೂಟದಲ್ಲಿ ಪೇಶ್ವೆ ಇದ್ದನೇ, ನಿಜಾಮ ಇದ್ದನೇ ಎಂಬುದರ ಅರ್ಥ ರೈತನಿಗೆ ಇಷ್ಟೇ: ಈ ಸಲ ಬೆಳೆ ಮೇಯುವ ಕುದುರೆ ಯಾವ ದಿಕ್ಕಿನಿಂದ ಬರುತ್ತದೆ.

ಇನ್ನು ಸಿದ್ಧಾಂತದ ಮಾತು. ಫ್ರಾನ್ಸಿನಲ್ಲಿ ದೊರೆಯ ತಲೆ ಹೋಗಿ ಗಣರಾಜ್ಯ ಬಂದಿತ್ತು. 1797ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಕೆಲವು ಫ್ರೆಂಚರು ಕೂಡಿ ಕ್ರಾಂತಿಕೂಟ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ರಾಜಶಾಹಿಗೆ ಧಿಕ್ಕಾರ ಹೇಳಿದರೆಂದೂ, ಟಿಪ್ಪುವನ್ನು ‘ನಾಗರಿಕ’ ಎಂದು ಕರೆದರೆಂದೂ ಒಂದು ಕಥೆ ಇದೆ. ಇದರ ಕಾಗದಪತ್ರಗಳೆಲ್ಲ ಇಂಗ್ಲಿಷರ ಕೈಯಿಂದ ಬಂದವಾದ್ದರಿಂದ ಇತಿಹಾಸಕಾರರಲ್ಲಿ ಜಗಳ ಉಂಟು. ಸಿಂಹಾಸನದ ಕಾಲಿಗೆ ಚಿನ್ನದ ಹುಲಿತಲೆ ಇಡಿಸಿದ ಸುಲ್ತಾನ ಸಮಾನತೆಯ ಭಾಷಣ ಕೇಳುತ್ತ ಕುಳಿತನೆಂಬುದನ್ನು ನಂಬುವುದು ನನಗೂ ಕಷ್ಟ. ಫ್ರೆಂಚರಿಗೆ ಬೇಕಾದದ್ದು ಇಂಗ್ಲಿಷರ ಸೋಲು, ಅವನಿಗೂ ಬೇಕಾದದ್ದು ಅದೇ. ಮಿಕ್ಕ ಮಾತುಗಳನ್ನು ಇಬ್ಬರೂ ಕಿವಿಯ ಮೇಲೆ ಹಾಕಿಕೊಂಡಂತೆ ಕಾಣುವುದಿಲ್ಲ. 1798ರಲ್ಲಿ ಮಾರಿಷಸ್‌ನಿಂದ ಅವನ ಸಹಾಯಕ್ಕೆಂದು ಬಂದವರು ನೂರು ಜನವೂ ಇರಲಿಲ್ಲ. ಆದರೆ ಅಲ್ಲಿನ ಗವರ್ನರ್ ಅದನ್ನು ಡಂಗುರ ಹೊಡೆಸಿದ್ದರಿಂದ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾದ ನೆಪ ಸಿಕ್ಕಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಕಾಲಿಟ್ಟ. ಈಜಿಪ್ಟ್ ತುರ್ಕಿಯ ಸುಲ್ತಾನನದು. ಕೂಡಲೇ ಸುಲ್ತಾನ ಮೂರನೆಯ ಸಲೀಂ ಇಂಗ್ಲಿಷರ ಕೈ ಹಿಡಿದ. ಫ್ರೆಂಚರ ಸಹವಾಸ ಬಿಡು ಎಂದು ಟಿಪ್ಪುವಿಗೆ ಪತ್ರ ಬರೆದ. ಆ ಪತ್ರವನ್ನು ತಲುಪಿಸಿದವರು ಇಂಗ್ಲಿಷರೇ! ಕೈರೋದಿಂದ 1799ರ ಜನವರಿಯಲ್ಲಿ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರವೂ ಇಂಗ್ಲಿಷರ ಕೈಗೇ ಬಿತ್ತು. ಒಬ್ಬ ಮಿತ್ರ ಶತ್ರುವಿನ ಮೂಲಕ ಬುದ್ಧಿ ಹೇಳಿಸಿದ, ಇನ್ನೊಬ್ಬ ಮಿತ್ರನ ಧೈರ್ಯದ ಮಾತನ್ನು ಶತ್ರು ಓದಿಕೊಂಡ. ಮುಂದಿನದು ಮೇ 4.

ಟಿಪ್ಪು ಹೋದ ಮೇಲೆ ಕುದುರೆಗಳು ಒಡೆಯರ ಪಾಲಿಗೆ ಬಂದವು. ಒಡೆಯರು ಇಂಗ್ಲಿಷರ ಪಾಲಿಗೆ ಬಂದಿದ್ದರು. 1807ರ ಕರಾರಿನ ಪ್ರಕಾರ ಮೈಸೂರು ಸರ್ಕಾರ ಸದಾ ನಾಲ್ಕು ಸಾವಿರ ಸವಾರರನ್ನು ಸಾಕಿ, ಕಂಪನಿ ಕರೆದಾಗ ಕಳಿಸಬೇಕು. ಕುದುರೆ, ಆಯುಧ ತಾನೇ ತಂದುಕೊಂಡು ಸಂಬಳಕ್ಕೆ ದುಡಿಯುವ ಸಿಲೇದಾರರು ಅವರು. ಮರಾಠರ ಮೇಲೆ, ಪಿಂಡಾರಿಗಳ ಮೇಲೆ, ಎಲ್ಲ ಕಡೆ ಹೋದರು. 1791ರಲ್ಲಿ ಮಿತ್ರಕೂಟದಲ್ಲಿದ್ದ ಪೇಶ್ವೆಯ ರಾಜ್ಯವನ್ನೇ 1818ರಲ್ಲಿ ಇಂಗ್ಲಿಷರು ಮುಗಿಸಿದಾಗ ಮೈಸೂರಿನ ಸವಾರರು ಇಂಗ್ಲಿಷರ ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಸಿಲೇದಾರರ ಪಡೆಯನ್ನು ತಿದ್ದಿ, ಸಾಮ್ರಾಜ್ಯದ ಸೇವೆಗೆಂದೇ ಮೀಸಲಾದ ಮೈಸೂರು ಲ್ಯಾನ್ಸರ್ಸ್ ಕಟ್ಟಿದರು.

1914ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಲ್ಯಾನ್ಸರ್ಸ್ ಪಡೆ ಬೊಂಬಾಯಿಯಲ್ಲಿ ಹಡಗು ಹತ್ತಿತು. ನವೆಂಬರಿನಲ್ಲಿ ತುರ್ಕಿ ಜರ್ಮನಿಯ ಪರ ಸೇರಿತು. ಖಲೀಫನೂ ಆಗಿದ್ದ ಸುಲ್ತಾನನ ಹೆಸರಿನಲ್ಲಿ ಧರ್ಮಯುದ್ಧದ ಕರೆ ಹೊರಟಿತು. ಮೈಸೂರು ಪಡೆಯಲ್ಲಿ ಅರಸುಗಳು, ಮರಾಠರು ಇದ್ದ ಹಾಗೆ ದಖನಿ ಮುಸಲ್ಮಾನರೂ ಬಹಳ ಮಂದಿ. ಕ್ರಿಶ್ಚಿಯನ್ ಕೈಸರನ ಮಿತ್ರನಾದ ಖಲೀಫ, ಕ್ರಿಶ್ಚಿಯನ್ ಜಾರ್ಜ್ ದೊರೆಯ ಸಿಪಾಯಿಗಳನ್ನು ಧರ್ಮದ ಹೆಸರಿನಲ್ಲಿ ತನ್ನ ಕಡೆಗೆ ಕರೆಯುತ್ತಿದ್ದ. 1915ರ ಫೆಬ್ರವರಿಯಲ್ಲಿ ತುರ್ಕರು ಸೂಯೆಜ್ ಕಾಲುವೆಯ ಮೇಲೆ ಬಿದ್ದಾಗ ಅದನ್ನು ಕಾದವರಲ್ಲಿ ಮೈಸೂರಿನವರೂ ಇದ್ದರು. ಖಲೀಫನ ಕರೆ ಆ ದಂಡೆಯಲ್ಲಿ ಫಲಿಸಲಿಲ್ಲ.

ಮೂರೂವರೆ ವರ್ಷ ಮರಳುಗಾಡು. 1918ರ ಬೇಸಿಗೆಯಲ್ಲಿ ಜೋರ್ಡನ್ ಕಣಿವೆಯ ಸುಡುಬಿಸಿಲು. ಜುಲೈ 14ರಂದು ಅಲ್ಲಿಯೂ ಜೋಧಪುರದವರ ಜೊತೆ ಈಟಿ ಹಿಡಿದು ನುಗ್ಗಿದ್ದಾಯಿತು. ಸೆಪ್ಟೆಂಬರ್ 19ರಂದು ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಗಿ ತುರ್ಕರ ಸಾಲು ಮುರಿಯಿತು. ಉಳಿದದ್ದು ಹೈಫಾ.

ಹೈಫಾದ ನೆಲವನ್ನು ಸ್ವಲ್ಪ ನೋಡಬೇಕು. ಊರಿನ ಬೆನ್ನಿಗೆ ಕಾರ್ಮೆಲ್ ಬೆಟ್ಟ. ಬೆಟ್ಟದ ಕಡಿದಾದ ಇಳಿಜಾರಿಗೂ ಕಿಶೋನ್ ಹೊಳೆಗೂ ನಡುವೆ ಇಕ್ಕಟ್ಟಾದ ದಾರಿ. ಹೊಳೆಯ ಎರಡು ದಡವೂ ಕಾಲಿಟ್ಟರೆ ಹೂಳುವ ಕೆಸರು ಮರಳು. ಬೆಟ್ಟದ ಮೇಲೆ ಆಸ್ಟ್ರಿಯಾದವರ ಫಿರಂಗಿ, ಕೆಳಗೆ ತುರ್ಕರ, ಜರ್ಮನರ ಮೆಷಿನ್‌ಗನ್. ಇಂಥ ಕಡೆಗೆ ಹಗಲುಹೊತ್ತಿನಲ್ಲಿ ಕುದುರೆ ಓಡಿಸುವುದೆಂದರೆ ಹುಚ್ಚೇ. ಆದರೆ ಕಾಲಾಳು ಹಿಂದೆ ಉಳಿದಿದ್ದರು. ಕುದುರೆ ಬಿಟ್ಟರೆ ಬೇರೇನೂ ಹತ್ತಿರವಿರಲಿಲ್ಲ. ಮೂರು ಸಂಸ್ಥಾನಗಳ ಬ್ರಿಗೇಡಿನಲ್ಲಿ ಹೈದರಾಬಾದಿನವರು ಸೆರೆಯಾಳುಗಳನ್ನು ಕಾಯಲು ಹೋಗಿದ್ದರು; ಇದ್ದವರು ಜೋಧಪುರ, ಮೈಸೂರು. ಕೆಳಗಿನ ದಾರಿಯಲ್ಲಿ ಜೋಧಪುರದವರು ನುಗ್ಗುವುದು, ಅದಕ್ಕೆ ಮುಂಚೆ ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಕಟ್ಟುವುದು ಎಂದು ತೀರ್ಮಾನವಾಯಿತು.

ಕಾರ್ಮೆಲ್ ಬೆಟ್ಟ ಕುದುರೆ ಹತ್ತುವ ಬೆಟ್ಟವಲ್ಲ. ಕಲ್ಲಿನ ಕಾಲುದಾರಿ, ಮುಳ್ಳುಪೊದೆ. ಸವಾರರು ಇಳಿದು ಲಗಾಮು ಹಿಡಿದು ಎಳೆದರು. ಕುದುರೆಗಳು ಕುಂಟಿದವು, ಬಿದ್ದವು, ಕೆಲವನ್ನು ಬಿಟ್ಟು ಮುಂದೆ ಹೋಗಬೇಕಾಯಿತು. ಕೆಲವರನ್ನು ಗುಂಡು ಹಾರಿಸಿ ಶತ್ರುವಿನ ಗಮನ ಸೆಳೆಯಲು ನಿಲ್ಲಿಸಬೇಕಾಯಿತು. ತುದಿಗೆ ಮುಟ್ಟಿ ದಾಳಿ ಮಾಡುವ ಹೊತ್ತಿಗೆ ಕುದುರೆಯ ಮೇಲೆ ಉಳಿದಿದ್ದವರು ಹದಿನೈದು ಮಂದಿ. ಆ ಹದಿನೈದು ಮಂದಿಯೇ ಫಿರಂಗಿಗಳ ಮೇಲೆ ಬಿದ್ದು ಹಿಡಿದರು. ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಕುದುರೆ ಬಿಟ್ಟರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ತ. ಅವರ ಹಿಂದೆಯೇ ಮೈಸೂರಿನ ಉಳಿದ ಸವಾರರು ಊರೊಳಗೆ ನುಗ್ಗಿದರು. ಸೆರೆಸಿಕ್ಕವರು 1,350, ವಶವಾದ ಫಿರಂಗಿ 17, ಮೆಷಿನ್‌ಗನ್ 11. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡವು 83. ಮನುಷ್ಯರಿಗಿಂತ ಕುದುರೆಗಳು ಎಷ್ಟೋ ಪಟ್ಟು ಹೆಚ್ಚು ಸತ್ತದ್ದಕ್ಕೆ ಕಾರಣ ಸರಳ: ಗುಂಡಿಗೆ ಮೊದಲು ಸಿಗುವುದು ಅಗಲವಾದ ಎದೆ.

ಅದೇ ದಿನ ಇನ್ನೊಂದು ಬ್ರಿಗೇಡು ಆಕ್ರೆಯನ್ನೂ ಹಿಡಿಯಿತು. ನೆಪೋಲಿಯನ್ನನಿಗೆ ಎರಡು ತಿಂಗಳಲ್ಲಿ ಆಗದ್ದು ಒಂದು ಮಧ್ಯಾಹ್ನಕ್ಕೆ ಆಗಿಹೋಯಿತು. ಅಕ್ಟೋಬರ್ 26ರಂದು ಅಲೆಪ್ಪೊ ಊರಿನಾಚೆ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರದ ಸವಾರರು ಮತ್ತೊಮ್ಮೆ ನುಗ್ಗಿ, ಈ ಸಲ ಹೊಡೆತ ತಿಂದು ಹಿಂದೆ ಸರಿದರು. ಎದುರಿಗಿದ್ದ ತುರ್ಕರ ದಂಡನಾಯಕ ಮುಸ್ತಫಾ ಕೆಮಾಲ್. ನಾಲ್ಕು ದಿನಕ್ಕೆ ತುರ್ಕಿ ಕದನವಿರಾಮಕ್ಕೆ ಒಪ್ಪಿತು.

ಮುಂದಿನದನ್ನು ನೋಡಿ. ಯಾವ ಖಲೀಫನ ಸೈನ್ಯವನ್ನು ಭಾರತದ ಸವಾರರು ಸೋಲಿಸಿದರೋ ಅದೇ ಖಲೀಫನ ಗದ್ದುಗೆ ಉಳಿಸಬೇಕೆಂದು 1919ರಲ್ಲಿ ಭಾರತದಲ್ಲಿ ಖಿಲಾಫತ್ ಚಳವಳಿ ಎದ್ದಿತು. ಗಾಂಧೀಜಿಯೇ ಅದರ ಕೈ ಹಿಡಿದರು. 1924ರಲ್ಲಿ ಖಲೀಫನ ಪಟ್ಟವನ್ನೇ ಕಿತ್ತುಹಾಕಿದವರು ಇಂಗ್ಲಿಷರಲ್ಲ, ಹರಿತಾನಿನ ಅದೇ ಮುಸ್ತಫಾ ಕೆಮಾಲ್. ದಿಲ್ಲಿಯ ತೀನ್ ಮೂರ್ತಿಯಲ್ಲಿ ಈಟಿ ಹಿಡಿದು ನಿಂತ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಈಗ ಅದು ಭಾರತ, ಇಸ್ರೇಲ್ ಸ್ನೇಹದ ಗುರುತು. 1918ರಲ್ಲಿ ಇಸ್ರೇಲ್ ಎಂಬ ದೇಶವೇ ಇರಲಿಲ್ಲ.

ಪಡೆ ಪ್ಯಾಲೆಸ್ಟೈನಿನಲ್ಲಿದ್ದಾಗ ಮೈಸೂರಿನೊಳಗೆ ಬೇರೆಯೇ ಒಂದು ಕಾಳಗ ನಡೆದಿತ್ತು. ಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತದ್ದೇ ತಡ, ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಸಲು ಶುರುಮಾಡಿದರು. ಅದು ಸಾಧನೆ. ಆದರೆ ಸರ್ಕಾರದ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ತುಮಕೂರು ಜಿಲ್ಲೆಯಂಥ ಕಡೆ, ಒಕ್ಕಲಿಗರೂ ಲಿಂಗಾಯತರೂ ಊರು ತುಂಬಾ ಇದ್ದು ಕಚೇರಿಯೊಳಗೆ ಮಾತ್ರ ಕಾಣಿಸದ ಕಡೆ, ಈ ಮಾತು ಕಿವಿಗೆ ಬೀಳದಿರುತ್ತದೆಯೇ? ಹೈಫಾಕ್ಕೆ ಒಂದು ತಿಂಗಳ ಮುಂಚೆ ಇದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾಯಿತು; ಡಿಸೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಇದೇ ಜಿಲ್ಲೆಯ ಸಿದ್ಧಗಂಗೆ ಮಠದಲ್ಲಿ ಉದ್ಧಾನ ಸ್ವಾಮಿಗಳು 1917ರಲ್ಲೇ ಸಂಸ್ಕೃತ ಪಾಠಶಾಲೆ ತೆರೆದರು. ಗುಬ್ಬಿ ನಾಟಕ ಕಂಪನಿಯ ಯಜಮಾನಿಕೆ ವೀರಣ್ಣನವರ ಕೈಗೆ ಬಂದದ್ದೂ ಅದೇ ವರ್ಷ.

ಎರಡನೆಯ ಮಹಾಯುದ್ಧದಲ್ಲಿ ಕುದುರೆಯ ಕಾಲ ಮುಗಿದಿತ್ತು. ಮೈಸೂರು ಸಂಸ್ಥಾನದ ಕಾಲಾಳು ಪಡೆಯೊಂದು ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಅಲ್ಲಿನ ಇಂಗ್ಲಿಷರೆಲ್ಲರ ಜೊತೆ ಅದೂ ಜಪಾನಿಯರಿಗೆ ಸೆರೆಯಾಯಿತು. ಎರಡು ದಿನ ಕಳೆದು ಭಾರತದ ಸೆರೆಯಾಳುಗಳನ್ನೆಲ್ಲ ಒಂದು ಮೈದಾನದಲ್ಲಿ ಸೇರಿಸಿ, ಆಜಾದ್ ಹಿಂದ್ ಪಡೆಗೆ ಬರುತ್ತೀರೋ, ಸೆರೆಯಲ್ಲೇ ಇರುತ್ತೀರೋ ಎಂದು ಕೇಳಿದರು. 1791ರ ಸಿಪಾಯಿಯನ್ನಾಗಲಿ 1918ರ ಸವಾರನನ್ನಾಗಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಊರಿನಲ್ಲಿಯೂ ಯಾರು ಯಾರ ಪರ ಎಂಬುದು ಗೋಜಲಾಗಿತ್ತು. 1940ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡು, ಇಪ್ಪತ್ತೊಂದರ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಅರಮನೆ ಮೊದಲಿನಿಂದಲೂ ಇಂಗ್ಲಿಷರ ಪರ. ದಿವಾನ್ ಮಿರ್ಜಾ ಇಸ್ಮಾಯಿಲರು ಯುದ್ಧದ ಅವಕಾಶ ನೋಡಿ ವಾಲ್‌ಚಂದ್ ಹೀರಾಚಂದರಿಗೆ ಜಾಗ ಕೊಟ್ಟು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತರಿಸಿದರು. ಇಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಮಾಡುತ್ತಿರುವ ಎಚ್‌ಎಎಲ್ ಹುಟ್ಟಿದ್ದು ಹಾಗೆ, 1940ರ ಡಿಸೆಂಬರಿನಲ್ಲಿ. ಮೈಸೂರು ಕಾಂಗ್ರೆಸ್ಸು ಅರಮನೆಯನ್ನು ಉಳಿಸಿಕೊಂಡು ದಿವಾನರನ್ನು ವಿರೋಧಿಸುವ ಹಗ್ಗದ ಮೇಲಿನ ನಡಿಗೆಯಲ್ಲಿತ್ತು. ಕಮ್ಯುನಿಸ್ಟರಂತೂ ಹಿಟ್ಲರ್ ರಷ್ಯಾದ ಮೇಲೆ ಬೀಳುವವರೆಗೆ ಇದು ಸಾಮ್ರಾಜ್ಯಶಾಹಿ ಯುದ್ಧವೆಂದರು, ಬಿದ್ದ ಮೇಲೆ ಜನತಾ ಯುದ್ಧವೆಂದರು. ಹೀಗಾಗಿ 1942ರ ಆಗಸ್ಟಿನಲ್ಲಿ ತುಮಕೂರಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದು ‘ಬ್ರಿಟಿಷರೇ ತೊಲಗಿ’ ಎಂದು ಕೂಗುವಾಗ, ಇಂಗ್ಲಿಷರ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವರೇ ಈಗ ಸುಮ್ಮನಿರಿ ಎನ್ನುವಂತಾಯಿತು.

ಹಳ್ಳಿಗೆ ಯುದ್ಧ ಬಂದದ್ದು ರಾಗಿಯ ಮೂಲಕ. ಬರ್ಮಾ ಜಪಾನಿಯರ ಪಾಲಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಪಟ್ಟಣಕ್ಕೆ ರೇಷನ್ ಬಂತು, ಹಳ್ಳಿಗೆ ಲೆವಿ ಬಂತು. ಬೆಳೆದ ರಾಗಿಯಲ್ಲಿ ಇಷ್ಟು ಪಲ್ಲ ಸರ್ಕಾರಕ್ಕೆ, ಸರ್ಕಾರ ಹೇಳಿದ ಬೆಲೆಗೆ. ಈ ಸೀಮೆಯವರು ರಾಗಿಯನ್ನು ಕಾಪಿಡುತ್ತಿದ್ದುದು ಹಗೇವಿನಲ್ಲಿ: ಗಟ್ಟಿ ನೆಲದಲ್ಲಿ ಆಳು ಇಳಿಯುವಷ್ಟು ಆಳಕ್ಕೆ ತೋಡಿ, ಒಳಗೆ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೆಂದು ಇದ್ದ ಹಗೇವು ಈಗ ಲೆವಿ ವಸೂಲಿಗೆ ಬರುವ ಶೇಕ್ದಾರರಿಂದ ರಾಗಿ ಬಚ್ಚಿಡುವ ಜಾಗವಾಯಿತು. ಅವರು ಬರುತ್ತಾರೆಂದು ಸುದ್ದಿ ಬಂದರೆ ಅದರ ಮೇಲೆ ಹುಲ್ಲಿನ ಬಣವೆ ಒಟ್ಟುವುದು, ದನ ಕಟ್ಟುವುದು. ಪಟೇಲರಿಗೆ, ಶಾನುಭೋಗರಿಗೆ ಯಾರ ಹಿತ್ತಿಲಲ್ಲಿ ಎಷ್ಟಿದೆಯೆಂದು ಗೊತ್ತು. ತೋರಿಸಿದರೆ ಊರಿನ ನಿಷ್ಠುರ, ಮುಚ್ಚಿದರೆ ಅಮಲ್ದಾರರ ನಿಷ್ಠುರ. ದುಡ್ಡಿನ ರೂಪವೂ ಕೆಟ್ಟಿತು. ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ತಾಮ್ರ ಉಳಿಸಲು ಕಾಸಿನ ನಡುವೆ ತೂತು ಕೊರೆದರು. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲು ಕುಲುಮೆ ಕಟ್ಟಿಕೊಂಡು ಓಡಿದವು. ಏರು ಬಂದರೆ ಜನ ಇಳಿದು ನೂಕಬೇಕು. ಫಿಲ್ಮಿಗೂ ಕಂಟ್ರೋಲು: ಚಿತ್ರ 11,000 ಅಡಿ ಮೀರಬಾರದು. ಗುಬ್ಬಿ ವೀರಣ್ಣನವರು ಅಂಥ ಕಾಲದಲ್ಲೂ 1942ರಲ್ಲಿ ‘ಜೀವನ ನಾಟಕ’, 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ತೆರೆಗೆ ತಂದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಮಠದ ಹೊಣೆ ಹೊತ್ತದ್ದು 1941ರಲ್ಲಿ, ಧಾನ್ಯ ಸಿಗದ ಈ ದಿನಗಳಿಗೆ ಸ್ವಲ್ಪ ಮುಂಚೆ.

ಈ ಕಥೆಯ ಕೊನೆಯಂಕದಲ್ಲಿ ಬಂದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಲಂಡನ್ನಿನಲ್ಲಿ ಚರ್ಚಿಲ್‌ರ ಯುದ್ಧ ಸಂಪುಟದಲ್ಲಿ ಕುಳಿತಿದ್ದವರು. 1945ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನದಿಗೆ ಸಹಿ ಹಾಕಿದವರು. ಜನಾಂಗಗಳ ಸ್ವಯಂನಿರ್ಣಯದ ಮಾತು ಆ ಸನದಿನ ಮೊದಲ ವಿಧಿಯಲ್ಲೇ ಇದೆ. 1946ರಲ್ಲಿ ಅವರು ಮೈಸೂರಿನ ದಿವಾನರಾದರು. ಮರುವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಕೊಡಲು ಅವರು ಒಪ್ಪಲಿಲ್ಲ. 1947ರ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಶುರುವಾಯಿತು. ತುಮಕೂರು ಜಿಲ್ಲೆಯಿಂದಲೂ ಜನ ಹೊರಟರು. ಅಕ್ಟೋಬರಿನಲ್ಲಿ ಅರಮನೆ ಮಣಿದು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಲ್ಯಾನ್ಸರ್ಸ್ ಪಡೆಯ ಉಳಿದ ಸವಾರರು 1953ರಲ್ಲಿ ಬೇರೆ ಸಂಸ್ಥಾನಗಳ ಸವಾರರ ಜೊತೆ ಸೇರಿ ಭಾರತ ಸೇನೆಯ ಹೊಸ ಕುದುರೆ ರೆಜಿಮೆಂಟಾದರು. ಅದೇ ಈಗಿನ 61ನೇ ಕ್ಯಾವಲ್ರಿ. ಕುಣಿಗಲ್ ಫಾರಂ ರೇಸಿನ ಕುದುರೆಗಳ ಕಡೆ ತಿರುಗಿತು. ರಾಗಿಯ ಲೆವಿಯನ್ನು ಕಾಂಗ್ರೆಸ್ ಸರ್ಕಾರವೂ ಒಮ್ಮೆ ಬಿಟ್ಟು, ಒಮ್ಮೆ ಹಿಡಿದು, 1950ರ ದಶಕದವರೆಗೆ ಎಳೆಯಿತು. ವಸೂಲಿಗೆ ಬರುತ್ತಿದ್ದವರು ಅದೇ ಶೇಕ್ದಾರರು. ಖಾದಿ ತೊಟ್ಟ ಮುಖಂಡರೊಬ್ಬರು ಈಗ ಅವರ ಜೊತೆಗೆ ಬರುತ್ತಿದ್ದರು.